ರೆಸಿಡೆಂಟ್ ವೈದ್ಯರಿಗೆ ಬೃಹತ್ ಆರೋಗ್ಯ ದತ್ತಾಂಶದ ಸಂಶೋಧನೆ ಕಲಿಸುವುದು ಎಲ್ಲಿಂದ?

ಪ್ರಶ್ನೆ: ನಮ್ಮ ವಿಭಾಗದ ರೆಸಿಡೆಂಟ್ ವೈದ್ಯರು (ಸ್ನಾತಕೋತ್ತರ ತರಬೇತಿಯಲ್ಲಿರುವವರು) ಪ್ರಬಂಧಕ್ಕಾಗಿ ಸಾರ್ವಜನಿಕವಾಗಿ ದೊರೆಯುವ ದೊಡ್ಡ ದತ್ತಾಂಶಗಳನ್ನು ಬಳಸುವ ಉತ್ಸಾಹದಲ್ಲಿದ್ದಾರೆ. ಕಾರ್ಯಾಗಾರ ನಡೆಸಿ ಅಂಕಿಅಂಶ ವಿಶ್ಲೇಷಣೆಯ 'ಆರ್' ತಂತ್ರಾಂಶವನ್ನು ಕಲಿಸಿದ್ದೇವೆ. ಆದರೂ ಅವರು ತರುವ ಫಲಿತಾಂಶಗಳಿಗೆ ಸಹಿ ಹಾಕಲು ನನಗೆ ಧೈರ್ಯ ಬರುತ್ತಿಲ್ಲ. ಜೀವಸಂಖ್ಯಾಶಾಸ್ತ್ರದಲ್ಲಿ ಅನುಭವವುಳ್ಳ ತಾವು ಈ ಕಲಿಕೆಯನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಸುವಿರಾ, ಸರ್?

ಉತ್ತರ: ಮೇಡಂ, ತಂತ್ರಾಂಶವನ್ನು ಸ್ವಲ್ಪ ಕಾಲ ಬದಿಗಿಡಿ. ದತ್ತಾಂಶದ ಒಂದು ಸಾಲು ಹೇಗೆ ಹುಟ್ಟಿತು, ಯಾರು ಯಾವ ಉದ್ದೇಶಕ್ಕಾಗಿ ಅದನ್ನು ದಾಖಲಿಸಿದರು ಎಂಬುದನ್ನು ರೆಸಿಡೆಂಟ್ ತನ್ನ ಮಾತಿನಲ್ಲಿ ವಿವರಿಸುವವರೆಗೆ ಯಾವ ವಿಶ್ಲೇಷಣೆಗೂ ಅನುಮತಿ ಕೊಡಬೇಡಿ ಎಂಬುದು ನನ್ನ ಸಲಹೆ.

ಅಮೆರಿಕದ ಆಸ್ಪತ್ರೆ ದಾಖಲಾತಿಗಳ ಮಾದರಿ ದತ್ತಾಂಶವಾದ ನ್ಯಾಷನಲ್ ಇನ್‌ಪೇಷೆಂಟ್ ಸ್ಯಾಂಪಲ್ ಅನ್ನೇ ನೋಡಿ. ಅದರಲ್ಲಿ ಒಂದು ಸಾಲು ಎಂದರೆ ಒಂದು ಆಸ್ಪತ್ರೆ ದಾಖಲಾತಿ. ಒಬ್ಬರೇ ವರ್ಷದಲ್ಲಿ ಮೂರು ಬಾರಿ ದಾಖಲಾಗಿದ್ದರೆ ಮೂರು ಸಾಲುಗಳಾಗಿ ಬರಬಹುದು; ಅವು ಒಬ್ಬರವೇ ಎಂದು ಗುರುತಿಸಲು ದಾರಿಯಿಲ್ಲ. ಆದ್ದರಿಂದ 'ಇಷ್ಟು ರೋಗಿಗಳು' ಎಂದು ಬರೆದ ಕ್ಷಣವೇ ಪ್ರಬಂಧ ತಪ್ಪುತ್ತದೆ. ಅಲ್ಲಿನ ರೋಗಸಂಕೇತಗಳು 2015ರ ಅಕ್ಟೋಬರ್ 1ರಂದು ಐಸಿಡಿ (ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ) 9ನೆಯ ಆವೃತ್ತಿಯಿಂದ 10ನೆಯದಕ್ಕೆ ಬದಲಾದುದರಿಂದ, ಆ ದಿನಾಂಕದ ಆಚೀಚೆ ಯಾವುದಾದರೂ ರೋಗ ದಿಢೀರನೆ ಏರಿದಂತೆ ಕಂಡರೆ ಮೊದಲು ಸಂಕೇತವನ್ನೇ ಶಂಕಿಸಬೇಕು. ಇವೆಲ್ಲ ಕೈಪಿಡಿಯಲ್ಲಿರುವ ಮಾತುಗಳೇ. ಆದರೂ ಈ ದತ್ತಾಂಶವನ್ನು ಬಳಸಿದ 120 ಪ್ರಕಟಿತ ಅಧ್ಯಯನಗಳನ್ನು ಪರಿಶೀಲಿಸಿ 2017ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನದ ಪ್ರಕಾರ, ಶೇ. 85ರಷ್ಟು ಅಧ್ಯಯನಗಳು ಕನಿಷ್ಠ ಒಂದು ಅಗತ್ಯ ನಿಯಮವನ್ನಾದರೂ ಪಾಲಿಸಿರಲಿಲ್ಲ. ಅಂದರೆ ತಮ್ಮ ಅಳುಕು ಸಕಾರಣವಾದದ್ದು.

ಅಭ್ಯಾಸಕ್ಕೆ ಐಸಿಯು ದಾಖಲೆಗಳ ದತ್ತಾಂಶವಾದ ಮಿಮಿಕ್-3 ಸೊಗಸಾಗಿದೆ. ಗುರುತು ಮರೆಮಾಡಲು ಅದರಲ್ಲಿ 89 ವರ್ಷ ಮೀರಿದವರ ಜನ್ಮದಿನಾಂಕವನ್ನು ಬಹಳ ಹಿಂದಕ್ಕೆ ಸರಿಸಿರುವುದರಿಂದ, ಅವರ ವಯಸ್ಸು ಲೆಕ್ಕದಲ್ಲಿ 300ರ ಆಸುಪಾಸು ಬರುತ್ತದೆ. ರೆಸಿಡೆಂಟ್‌ಗೆ ಇದನ್ನು ಮೊದಲೇ ಹೇಳಬೇಡಿ. ಸರಾಸರಿ ವಯಸ್ಸನ್ನು ಲೆಕ್ಕ ಹಾಕಿಸಿ, ಗರಿಷ್ಠ ಮೌಲ್ಯವನ್ನು ಅವರಾಗಿಯೇ ನೋಡುತ್ತಾರೋ ಇಲ್ಲವೋ ಗಮನಿಸಿ. ಬಳಿಕ, ಪ್ರಕಟಿತ ಲೇಖನವೊಂದರ ಮೊದಲ ಕೋಷ್ಟಕವನ್ನು (ಅಧ್ಯಯನಕ್ಕೆ ಒಳಪಟ್ಟವರ ಮೂಲ ವಿವರಗಳಿರುವುದು) ಅದೇ ದತ್ತಾಂಶದಿಂದ ಮರುಸೃಷ್ಟಿಸಲು ಹೇಳಿ. ಸಂಖ್ಯೆಗಳು ಹೊಂದದಿದ್ದಾಗ ಯಾರನ್ನು ಸೇರಿಸಿದೆ, ಯಾರನ್ನು ಬಿಟ್ಟೆ ಎಂದು ಹುಡುಕುತ್ತಾ ಅವರು ಕಲಿಯುವಷ್ಟನ್ನು ಯಾವ ಉಪನ್ಯಾಸವೂ ಕಲಿಸದು.

ಉಪಪ್ರಶ್ನೆ (ದ್ವಿತೀಯ ವರ್ಷದ ರೆಸಿಡೆಂಟ್): ಸರ್, ಐಸಿಯುವಿನಲ್ಲಿ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಔಷಧಿ) ಪಡೆದವರಲ್ಲಿ ಸಾವು ಕಡಿಮೆ ಎಂದು ನನ್ನ ವಿಶ್ಲೇಷಣೆಯಲ್ಲಿ ಕಂಡಿತು. ವಯಸ್ಸು, ರೋಗದ ತೀವ್ರತೆ ಎಲ್ಲವನ್ನೂ ಹೊಂದಿಸಿದ್ದೇನೆ, ಅಂದರೆ ಗುಂಪುಗಳ ನಡುವಿನ ಆ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಸರಿದೂಗಿಸಿದ್ದೇನೆ. ಆದರೂ ಮಾರ್ಗದರ್ಶಕರು ಒಪ್ಪುತ್ತಿಲ್ಲ.

ಉತ್ತರ: ಡಾಕ್ಟರೇ, ದಾಖಲಾದ ಬಳಿಕ ಎಂದಾದರೂ ಔಷಧಿ ಪಡೆದವರನ್ನೆಲ್ಲ ಒಂದು ಗುಂಪಿಗೆ ಸೇರಿಸಿದ್ದೀರೆಂದು ಊಹಿಸುತ್ತೇನೆ. ಐದನೆಯ ದಿನ ಔಷಧಿ ಪಡೆಯಬೇಕಾದರೆ ರೋಗಿ ಐದು ದಿನ ಬದುಕಿರಲೇಬೇಕು. ಎರಡನೆಯ ದಿನ ತೀರಿಕೊಂಡವರಿಗೆ ಆ ಅವಕಾಶವೇ ಇರಲಿಲ್ಲವಾದ್ದರಿಂದ, ಅವರು 'ಪಡೆಯದವರ' ಗುಂಪಿಗೆ ಸೇರಿ ಅಲ್ಲಿನ ಸಾವಿನ ಲೆಕ್ಕವನ್ನು ಏರಿಸುತ್ತಾರೆ. ಇದನ್ನು ಇಮ್ಮಾರ್ಟಲ್ ಟೈಮ್ ಬಯಸ್ ('ಸಾವಿಲ್ಲದ ಅವಧಿ'ಯಿಂದ ಲೆಕ್ಕ ವಾಲುವ ದೋಷ) ಎನ್ನುತ್ತಾರೆ. ತೀವ್ರತೆಯನ್ನು ಎಷ್ಟು ಹೊಂದಿಸಿದರೂ ಇದು ಹೋಗದು. ಇದೇ ಪ್ರಶ್ನೆಗೆ ಯಾದೃಚ್ಛಿಕ ಪ್ರಯೋಗ (ಯಾರಿಗೆ ಔಷಧಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಪ್ರಯೋಗ) ನಡೆಸುವುದಾಗಿದ್ದರೆ ಯಾರನ್ನು, ಯಾವ ಗಳಿಗೆಯಲ್ಲಿ ಸೇರಿಸಿಕೊಳ್ಳುತ್ತಿದ್ದಿರಿ ಎಂದು ಒಂದು ಪುಟ ಬರೆಯಿರಿ. ಉದಾಹರಣೆಗೆ, ಮೊದಲ 24 ಗಂಟೆಗಳನ್ನು ದಾಟಿದವರನ್ನು ಮಾತ್ರ ತೆಗೆದುಕೊಂಡು, ಅಷ್ಟರೊಳಗೆ ಔಷಧಿ ಆರಂಭವಾಗಿತ್ತೇ ಎಂಬುದರ ಮೇಲೆ ಗುಂಪು ವಿಂಗಡಿಸಿ, ಅಲ್ಲಿಂದ ಮುಂದಿನ ಸಾವುಗಳನ್ನು ಎಣಿಸಬಹುದು. ಔಷಧಿಯಿಂದ ಕಂಡ ಲಾಭ ಕುಗ್ಗಿದರೆ ಬೇಸರ ಬೇಡ, ಅದೂ ಪ್ರಕಟಣೆಗೆ ಅರ್ಹವೇ.

ಉಪಪ್ರಶ್ನೆ: ಕೋಡ್ ಬರೆಯಲು ಎಐ ಚಾಟ್‌ಬಾಟ್ ಬಳಸಬಹುದೇ, ಸರ್?

ಉತ್ತರ: ಕೋಡಿನ ವಿನ್ಯಾಸವನ್ನು ಕೇಳಬಹುದು. ಆದರೆ ಮಿಮಿಕ್‌ನಂತಹ ದತ್ತಾಂಶವನ್ನು ನೀವು ಒಪ್ಪಂದಕ್ಕೆ ಸಹಿ ಹಾಕಿ ಪಡೆದಿರುತ್ತೀರಿ. ಅದರ ಸಾಲುಗಳನ್ನು ಮೂರನೆಯವರೊಂದಿಗೆ ಹಂಚಿಕೊಳ್ಳುವಂತಿಲ್ಲ. ಚಾಟ್‌ಬಾಟ್ ಕಿಟಕಿಯಲ್ಲಿ ಅಂಟಿಸುವುದೂ ಹಂಚಿಕೆಯೇ. ದೋಷ ಹುಡುಕಲು ಮಾದರಿ ಬೇಕಾದರೆ ನಾಲ್ಕಾರು ಕಾಲ್ಪನಿಕ ಸಾಲುಗಳನ್ನು ನೀವೇ ರಚಿಸಿಕೊಳ್ಳಿ.