ಘಟ್ಟ ಇಳಿಯುವಾಗ ಕಾರಿನ ಹೀಟರ್‌ನಿಂದ ತಣ್ಣನೆಯ ಗಾಳಿ

ಪ್ರಶ್ನೆ:
ನಮಸ್ಕಾರ. ನನ್ನದು ಹಳೆಯ ಪೆಟ್ರೋಲ್ ಕಾರು. ಚಿಕ್ಕಮಗಳೂರಿನಿಂದ ಕೈಮರದ ಮೂಲಕ ಅತ್ತಿಗುಂಡಿ ಕಡೆಯ ತೋಟಕ್ಕೆ ಬೆಳಗಿನ ಜಾವ ಹೋಗಿಬರುತ್ತೇನೆ. ಏರು ಹತ್ತುವಾಗ ಹೀಟರ್‌ನಿಂದ ಉಗುರುಬೆಚ್ಚನೆಯ ಗಾಳಿಯಾದರೂ ಬರುತ್ತದೆ. ಇಳಿಯುವಾಗ ಅದೂ ತಣ್ಣಗಾಗಿ, ಮುಂದಿನ ಗಾಜಿಗೆ ಕಟ್ಟಿದ ಮಂಜು ಬಿಡುವುದೇ ಇಲ್ಲ. ಆ ಹೊತ್ತಿನಲ್ಲಿ ಟೆಂಪರೇಚರ್ ಮುಳ್ಳೂ ಕೆಳಗಿಳಿದಿರುತ್ತದೆ. ಎಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟ್‌ನ ಮಟ್ಟ ಸರಿಯಾಗಿದೆ. ಹೀಟರ್ ಕೋರ್ (ಬಿಸಿ ಕೂಲೆಂಟ್ ಹರಿದು ಗಾಳಿಯನ್ನು ಬೆಚ್ಚಗಾಗಿಸುವ ಭಾಗ) ಕಟ್ಟಿಕೊಂಡಿದೆ, ಡ್ಯಾಶ್‌ಬೋರ್ಡ್ ಬಿಚ್ಚಬೇಕು ಎಂದು ಗ್ಯಾರೇಜಿನವರು ಹೇಳುತ್ತಾರೆ. ಕಳೆದ ಬೇಸಿಗೆಯಲ್ಲಿ ಎಂಜಿನ್ ವಿಪರೀತ ಬಿಸಿಯಾಗುತ್ತಿದ್ದುದನ್ನು ಬೇರೊಂದು ಕಡೆ ಸರಿಪಡಿಸಿಕೊಟ್ಟಿದ್ದರು. ಈಗ ಬಿಚ್ಚಿಸಲೇ?

ಉತ್ತರ:
ಬೇಡ ಸರ್, ಸ್ವಲ್ಪ ತಡೆಯಿರಿ. ಹೀಟರ್ ಕೋರ್ ಮಾತ್ರ ಕಟ್ಟಿಕೊಂಡಿದ್ದರೆ ಗಾಳಿ ತಣ್ಣಗಿರುತ್ತದೆಯೇ ಹೊರತು ಮುಳ್ಳು ಇಳಿಯುವುದಿಲ್ಲ. ಮುಳ್ಳು ಇಳಿಯುತ್ತಿದೆ ಎಂದರೆ ಎಂಜಿನ್ನೇ ತಣ್ಣಗಾಗುತ್ತಿದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಒತ್ತದೆ ಬರುವುದರಿಂದ ಎಂಜಿನ್‌ನಲ್ಲಿ ಹುಟ್ಟುವ ಶಾಖ ಕಡಿಮೆ. ಅಂಥ ಹೊತ್ತಿನಲ್ಲಿ ಥರ್ಮೋಸ್ಟಾಟ್ (ಶಾಖಕ್ಕೆ ತಕ್ಕಂತೆ ತೆರೆದು ಮುಚ್ಚುವ ವಾಲ್ವ್) ಮುಚ್ಚಿಕೊಂಡು, ಕೂಲೆಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯಬೇಕು. ನಿಮ್ಮ ಕಾರಿನಲ್ಲಿ ಅದು ತೆರೆದೇ ಉಳಿದಿರಬೇಕು, ಅಥವಾ ಥರ್ಮೋಸ್ಟಾಟೇ ಇಲ್ಲದಿರಬೇಕು. ಎಂಜಿನ್ ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತು ಕಳಿಸುವ ಪದ್ಧತಿ ನಮ್ಮಲ್ಲಿ ಹಲವೆಡೆ ಇದೆ, ಅದು ರಿಪೇರಿಯಲ್ಲ.

ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ಫ್ಯಾನಿಗೆ ಕೈ ತಾಗದಂತೆ ಎಚ್ಚರವಹಿಸಿ, ರೇಡಿಯೇಟರ್‌ನ ಮೇಲಿನ ದಪ್ಪ ಪೈಪನ್ನು ಆಗಾಗ ಮುಟ್ಟಿ ನೋಡಿ. ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ಸರಿಯಿದೆ. ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಬಂದರೆ ಸರಿಯಿಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಹೀಟರ್‌ಗೆ ಹೋಗುವ ಎರಡು ಸಣ್ಣ ಪೈಪುಗಳನ್ನೂ ಮುಟ್ಟಿ ನೋಡಿ. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ಮಾತ್ರ ಕೋರ್ ಅಥವಾ ಅದರ ವಾಲ್ವ್‌ನ ಮೇಲೆ ಅನುಮಾನಪಡಿ.

ಪ್ರಶ್ನೆ ಕೇಳಿದವರು:
ದಪ್ಪ ಪೈಪ್ ಮೊದಲಿನಿಂದಲೇ ಬೆಚ್ಚಗಾಗುತ್ತಾ ಬಂತು. ಹೀಟರ್‌ನ ಎರಡೂ ಪೈಪುಗಳು ಒಂದೇ ಸಮನಾಗಿ ಬೆಚ್ಚಗಿದ್ದವು. ಥರ್ಮೋಸ್ಟಾಟ್ ಕೂರುವ ಜಾಗವನ್ನು ಬಿಚ್ಚಿಸಿದರೆ ಒಳಗೆ ಏನೂ ಇರಲಿಲ್ಲ! ಸುತ್ತ ತುಕ್ಕಿನ ಬಣ್ಣದ ನೀರು ಮಾತ್ರ ಇತ್ತು. ಹೊಸದನ್ನು ತಂದಿದ್ದೇನೆ, ಮೇಲೆ 82 ಎಂದು ಅಚ್ಚಾಗಿದೆ.

ಉತ್ತರ:
82 ಎಂದರೆ ಅದು ತೆರೆಯಲು ಆರಂಭಿಸುವ ಡಿಗ್ರಿ ಸೆಲ್ಸಿಯಸ್. ನಿಮ್ಮ ಎಂಜಿನ್‌ಗೆ ಕಂಪನಿ ಹೇಳಿರುವುದೂ ಅಷ್ಟೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಹಾಕಿಸುವ ಮೊದಲು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿದರೆ, ಕುದಿ ಬರುವ ಮುನ್ನವೇ ಬಾಯಿ ಬಿಡುವುದು ಕಣ್ಣಿಗೆ ಕಾಣುತ್ತದೆ. ತುಕ್ಕು ನೀರು ಕಂಡಿದ್ದರಿಂದ ಇಡೀ ವ್ಯವಸ್ಥೆಯನ್ನು ತೊಳೆಸಿ, ಬಾವಿಯ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟನ್ನೇ ತುಂಬಿಸಿ. ತುಂಬುವಾಗ ಕಾರಿನ ಮುಂಭಾಗ ಎತ್ತರದಲ್ಲಿರಲಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿರಲಿ, ಒಳಗಿನ ಗಾಳಿಗುಳ್ಳೆಗಳು ಹೊರಬರಲಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ.

ಇನ್ನೊಂದು ವಿಷಯ: ಬೇಸಿಗೆಯಲ್ಲಿ ಎಂಜಿನ್ ಬಿಸಿಯಾಗುತ್ತಿದ್ದುದಕ್ಕೆ ಮೂಲ ಕಾರಣವನ್ನು ಯಾರೂ ಹುಡುಕಿದಂತಿಲ್ಲ. ಥರ್ಮೋಸ್ಟಾಟ್ ಕೂರಿಸಿದ ಮೇಲೆ ಮುಳ್ಳು ಮಧ್ಯವನ್ನು ದಾಟಿ ಏರತೊಡಗಿದರೆ ರೇಡಿಯೇಟರ್ ಫ್ಯಾನ್ ತಿರುಗುತ್ತಿದೆಯೇ, ವಾಟರ್ ಪಂಪ್ ಸರಿಯಿದೆಯೇ ಎಂದು ನೋಡಿಸಿ. ಅಲ್ಲಿಯವರೆಗೆ ಗಾಡಿಯನ್ನು ಘಟ್ಟಕ್ಕೆ ಒಯ್ಯದೆ ಊರೊಳಗೇ ಓಡಿಸುವುದು ಮೇಲು.