ಅಪ್‌ಡೇಟ್: ಕೊಪ್ಪಳ–ಮೈಸೂರು ನಡುವಿನ ಸಂಕಲನ ಹಳಿಗೆ ಬಂತು

ಆನೆಗೊಂದಿಯಲ್ಲಿ ಚಿತ್ರೀಕರಿಸಿದ ಕಾಲೇಜು ಕಿರುಚಿತ್ರವನ್ನು ಕೊಪ್ಪಳದಿಂದ ನಾನು, ಮೈಸೂರಿನಿಂದ ಗೆಳತಿ ಸೇರಿ ಸಂಕಲಿಸುವುದು ಹೇಗೆಂದು ಕೇಳಿದ್ದೆ. ಪ್ರಾಕ್ಸಿ (ಮೂಲ ದೃಶ್ಯಗಳ ಹಗುರ ನಕಲು) ಬಳಸಿ ಎಂದವರಿಗೆ ದೊಡ್ಡ ನಮಸ್ಕಾರ. ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ಸಾಫ್ಟ್‌ವೇರ್‌ನಲ್ಲಿ 4ಕೆ ದೃಶ್ಯಗಳಿಗೆ ಕಾಲು ರೆಸಲ್ಯೂಷನ್‌ನ ಪ್ರಾಕ್ಸಿ ಮಾಡಿ ಒಮ್ಮೆ ಕಳುಹಿಸಿದೆ. ಈಗ ನಮ್ಮ ನಡುವೆ ಓಡಾಡುವುದು ದೃಶ್ಯಗಳನ್ನು ಕತ್ತರಿಸಿ ಜೋಡಿಸಿದ ವಿವರವಿರುವ ಪುಟ್ಟ ಪ್ರಾಜೆಕ್ಟ್ ಫೈಲ್ ಮಾತ್ರ. ಆದರೆ ಕ್ಲಿಪ್‌ಗಳ ಹೆಸರನ್ನು ಯಾರೂ ಮುಟ್ಟಕೂಡದು. ಪ್ರಾಜೆಕ್ಟ್ ಫೈಲಿಗೂ ಕ್ಲಿಪ್‌ಗೂ ಇರುವ ಕೊಂಡಿ ತಪ್ಪಿತೆಂದರೆ ‘ಮೀಡಿಯಾ ಆಫ್‌ಲೈನ್’ ಎಂದು ಪರದೆ ಕೆಂಪಗಾಗಿ ಕೂರುತ್ತದೆ. ಹಗಲು ನನ್ನ ಪಾಳಿ, ರಾತ್ರಿ ಅವಳದು. ಜಗಳವೇನಿದ್ದರೂ ಸಂಜೆ ಫೋನಿನಲ್ಲಿ. ಹರಿಗೋಲಿನ ದೃಶ್ಯದಲ್ಲಿ ಮಾತನ್ನೆಲ್ಲ ಗಾಳಿ ನುಂಗಿದೆ. ಅದಕ್ಕೆ ಯಾವ ಸಾಫ್ಟ್‌ವೇರೂ ಮದ್ದಲ್ಲ, ಡಬ್ಬಿಂಗೇ ಗತಿ. ಅಂತಿಮ ಪ್ರತಿಯನ್ನು ಮೂಲ ದೃಶ್ಯಗಳಿರುವ ನನ್ನ ಹಾರ್ಡ್ ಡಿಸ್ಕ್‌ನಿಂದಲೇ ತೆಗೆಯುತ್ತೇನೆ.