ಅಬ್ಲೇಶನ್ ಆದ ಮೇಲೆ ಕ್ರಿಯಾಟಿನಿನ್ 1.3: ಏನು ನೋಡಬೇಕು, ಯಾವುದನ್ನು ಮುಟ್ಟಬಾರದು

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ)
ಅಮ್ಮನಿಗೆ 68 ವರ್ಷ, ತೂಕ 54 ಕೆ.ಜಿ. ಏಟ್ರಿಯಲ್ ಫಿಬ್ರಿಲೇಶನ್‌ಗೆ (ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ) ಬೆಂಗಳೂರಲ್ಲಿ ಅಬ್ಲೇಶನ್ (ತೊಡೆಯಿಂದ ಕೊಳವೆ ತೂರಿಸಿ, ತಾಳ ತಪ್ಪಿಸುವ ಜಾಗವನ್ನು ಸುಮ್ಮನಾಗಿಸುವ ಚಿಕಿತ್ಸೆ) ಆಯ್ತು. ಮುಂಚೆ ಕ್ರಿಯಾಟಿನಿನ್ (ಕಿಡ್ನಿ ಕೆಲಸ ನೋಡೋ ರಕ್ತಪರೀಕ್ಷೆ, ಏರಿದರೆ ಕಿಡ್ನಿ ಕೆಲಸ ಕಡಿಮೆ ಅಂತ) 1.0 ಇತ್ತು, ಎಂಟನೇ ದಿನ ಊರಿನ ಲ್ಯಾಬಲ್ಲಿ 1.3 ಬಂದಿದೆ. ರಕ್ತ ತೆಳು ಮಾಡೋಕೆ ರಿವರೋಕ್ಸಾಬಾನ್ 20, ಬಿಪಿಗೆ ಟೆಲ್ಮಿಸಾರ್ಟನ್ 40, ಹೃದಯ ಬಡಿತಕ್ಕೆ ಮೆಟೊಪ್ರೊಲಾಲ್, ಹೊಟ್ಟೆಯ ಆಮ್ಲಕ್ಕೆ ಪ್ಯಾಂಟೊಪ್ರಜೋಲ್ ನಡೀತಿದೆ. ಸೊಂಟನೋವಿಗೆ ಅಂಗಡಿಯಿಂದ ಅಸೆಕ್ಲೊಫೆನಾಕ್ ತಂದಿದ್ದೇವೆ. ಕಿಡ್ನಿ ಹಾಳಾಯ್ತಾ? ರಕ್ತ ತೆಳು ಮಾಡೋ ಮಾತ್ರೆ ನಿಲ್ಲಿಸಬೇಕಾ? ತಿಳಿದವರು ಹೇಳಿ.

ಔಷಧಿ ಅಂಗಡಿ, ಸಾಗರ
ಮೊದಲು ಆ ಅಸೆಕ್ಲೊಫೆನಾಕ್ ನಿಲ್ಲಿಸಿ ಮಾರಾಯ್ರೆ. ಟೆಲ್ಮಿಸಾರ್ಟನ್ ತಗೊಳ್ಳುವವರಿಗೆ ಈ ಜಾತಿಯ ನೋವಿನ ಮಾತ್ರೆ ಕೊಟ್ಟರೆ ಕಿಡ್ನಿ ರಕ್ತ ಸೋಸಲು ಬೇಕಾದ ಒತ್ತಡ ಎರಡೂ ಕಡೆಯಿಂದ ಇಳೀತದೆ. ಲ್ಯಾಸಿಕ್ಸ್‌ನಂಥ ನೀರಿಳಿಸುವ ಮಾತ್ರೆಯೂ ಇದ್ದರೆ ಇನ್ನೂ ಕಷ್ಟ. ಸಾಲದ್ದಕ್ಕೆ ರಿವರೋಕ್ಸಾಬಾನ್ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯವೂ ಇದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೂಡ ಅದೇ ಗುಂಪು. ನೋವಿಗೆ ಪ್ಯಾರಾಸಿಟಮಾಲ್ ಸಾಕು.

ರಿವರೋಕ್ಸಾಬಾನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಅಬ್ಲೇಶನ್ ಆದ ಎರಡು ಮೂರು ತಿಂಗಳು ಹೃದಯದ ಒಳಗೋಡೆ ಮಾಯುತ್ತಿರುತ್ತದೆ, ಹೆಪ್ಪುಗಟ್ಟಿ ಸ್ಟ್ರೋಕ್ ಆಗುವ ಅಪಾಯ ಆಗಲೇ ಹೆಚ್ಚು.

ಕ್ಯಾತ್‌ಲ್ಯಾಬ್ ಟೆಕ್ನಿಷಿಯನ್, ಶಿವಮೊಗ್ಗ
ಡಿಸ್ಚಾರ್ಜ್ ಸಮರಿಯಲ್ಲಿ ಮೂರು ವಿಷಯ ಹುಡುಕಿ.

ಸಿಟಿ ಸ್ಕ್ಯಾನ್‌ಗೆ ಅಥವಾ ಚಿಕಿತ್ಸೆ ವೇಳೆ ಡೈ (ಚಿತ್ರ ಸ್ಪಷ್ಟವಾಗಿ ಕಾಣಲು ರಕ್ತಕ್ಕೆ ಬಿಡುವ ದ್ರವ) ಕೊಟ್ಟಿದ್ದರಾ? ಡೈಯಿಂದ ಏರಿದ ಕ್ರಿಯಾಟಿನಿನ್ ಸಾಮಾನ್ಯವಾಗಿ ಮೂರರಿಂದ ಐದನೇ ದಿನಕ್ಕೆ ತುದಿ ಮುಟ್ಟಿ, ಒಂದೆರಡು ವಾರದಲ್ಲಿ ಇಳೀತದೆ. ಎಂಟನೇ ದಿನವೂ 1.3 ಇದೆ ಅಂದರೆ ನನ್ನ ಅನುಮಾನ ಡೈಗಿಂತ ನೋವಿನ ಮಾತ್ರೆ ಮೇಲೇ.

ಎರಡನೆಯದು, ಯಾವ ವಿಧಾನ? ರೇಡಿಯೊಫ್ರೀಕ್ವೆನ್ಸಿಯಲ್ಲಿ (ಶಾಖದಿಂದ ಸುಡುವ ವಿಧಾನ) ಕ್ಯಾತಿಟರ್ ಅಂದರೆ ಆ ಕೊಳವೆಯ ತುದಿ ತಣ್ಣಗಿಡಲು ಸಲೈನ್ ಹರಿಸ್ತಾರೆ. ಅದೇ ಒಂದೆರಡು ಲೀಟರ್ ದೇಹಕ್ಕೆ ಸೇರಬಹುದು. ಅದನ್ನು ಇಳಿಸಲು ಲ್ಯಾಸಿಕ್ಸ್ ಕೊಟ್ಟು, ಮನೆಗೆ ಬಂದ ಮೇಲೂ ಮುಂದುವರಿಸಿದರೆ ದೇಹ ಒಣಗುತ್ತದೆ. ಪಲ್ಸ್ಡ್ ಫೀಲ್ಡ್ (ಶಾಖದ ಬದಲು ವಿದ್ಯುತ್ ಮಿಡಿತದ) ವಿಧಾನದಲ್ಲಿ ತೊಂದರೆ ಬೇರೆ: ಕೆಂಪು ರಕ್ತಕಣ ಒಡೆದು ಅದರ ಹಿಮೊಗ್ಲೋಬಿನ್ ಕಿಡ್ನಿಗೆ ಹೋಗಬಹುದು. ಮೊದಲ ಒಂದೆರಡು ದಿನ ಮೂತ್ರ ಕಡು ಚಹಾ ಬಣ್ಣಕ್ಕಿತ್ತಾ, ಕೇಳಿ ನೋಡಿ.

ಮೂರನೆಯದು, ಬಿಪಿ ಇಳಿದಿತ್ತಾ, ತೊಡೆಸಂದಿಯಲ್ಲಿ ರಕ್ತ ಸೋರಿತ್ತಾ ಅನ್ನೋದು.

ಲ್ಯಾಬ್, ಶಿವಮೊಗ್ಗ
1.0 ಒಂದು ಲ್ಯಾಬಿನದು, 1.3 ಇನ್ನೊಂದರದು. ವಿಧಾನ ಬೇರೆಯಾದರೆ 0.1, 0.2 ಹೆಚ್ಚುಕಮ್ಮಿ ಬರುವುದು ಮಾಮೂಲು. ನೋವಿನ ಮಾತ್ರೆ ಬಿಟ್ಟು ಮೂರ್ನಾಲ್ಕು ದಿನಕ್ಕೆ 1.3 ಬಂದ ಲ್ಯಾಬಲ್ಲೇ ಮತ್ತೆ ಮಾಡಿಸಿ. ಹಿಂದಿನ ರಾತ್ರಿ ಮಾಂಸದೂಟ ಬೇಡ. ಜೊತೆಗೆ ಪೊಟ್ಯಾಸಿಯಂ, ಯೂರಿನ್ ರೊಟೀನ್, ಹಿಮೊಗ್ಲೋಬಿನ್ ಇರಲಿ.

ಔಷಧಿ ಅಂಗಡಿ, ಸಾಗರ
ಡೋಸ್ ಲೆಕ್ಕ ಒಂದು ಬಾಕಿ ಇದೆ. ರಿಪೋರ್ಟಲ್ಲಿ ಅಚ್ಚಾಗುವ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಅನ್ನೋ ಅಂದಾಜು) ನೋಡಿ ರಕ್ತ ತೆಳು ಮಾಡುವ ಮಾತ್ರೆಗಳ ಡೋಸ್ ನಿರ್ಧರಿಸೋದಲ್ಲ. 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಅದನ್ನು 72 ಗುಣಿಸು ಕ್ರಿಯಾಟಿನಿನ್‌ನಿಂದ ಭಾಗಿಸಬೇಕು. ಹೆಂಗಸರಾದರೆ ಬಂದದ್ದನ್ನು 0.85ರಿಂದ ಗುಣಿಸಬೇಕು. ಇದಕ್ಕೆ ಕ್ರಿಯಾಟಿನಿನ್ ಕ್ಲಿಯರೆನ್ಸ್ ಅಂತಾರೆ. ನಿಮ್ಮ ಅಮ್ಮನಿಗೆ ಈಗ ಅದು ಸುಮಾರು 35. ಕ್ರಿಯಾಟಿನಿನ್ 1.0 ಇದ್ದಾಗಲೂ 46 ಅಷ್ಟೇ, ರಿಪೋರ್ಟಲ್ಲಿ ಇಜಿಎಫ್‌ಆರ್ 61ರ ಆಸುಪಾಸು ಕಂಡಿದ್ದರೂ! ಸಣಕಲು ಮೈಯ ವಯಸ್ಸಾದವರಲ್ಲಿ ಎಲ್ಲರೂ ಎಡವುವುದು ಇಲ್ಲೇ.

ರಿವರೋಕ್ಸಾಬಾನ್‌ಗೆ ಈ ಸಂಖ್ಯೆ 50ಕ್ಕಿಂತ ಮೇಲಿದ್ದರೆ 20, ಅದಕ್ಕಿಂತ ಕೆಳಗಾದರೆ 15 ಮಿ.ಗ್ರಾಂ. ಇದನ್ನು ಅಬ್ಲೇಶನ್ ಮಾಡಿದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಹೇಳಿ, ಬದಲಾಯಿಸುವುದು ಅವರೇ. ಮಾತ್ರೆ ಊಟದ ಜೊತೆಗೇ ಆಗಬೇಕು, ಖಾಲಿ ಹೊಟ್ಟೆಗೆ ಸರಿಯಾಗಿ ಹೀರಿಕೊಳ್ಳೋದಿಲ್ಲ. ರಕ್ತ ತೆಳು ಮಾಡುವ ಇನ್ನೊಂದು ಮಾತ್ರೆ ಎಪಿಕ್ಸಾಬಾನ್ ಆದರೆ ಕಟ್ಟಳೆ ಬೇರೆ: 80 ವರ್ಷ ತುಂಬಿದ್ದು, 60 ಕೆ.ಜಿ.ಯೊಳಗಿನ ತೂಕ, 1.5 ಮುಟ್ಟಿದ ಕ್ರಿಯಾಟಿನಿನ್, ಈ ಮೂರರಲ್ಲಿ ಎರಡು ಇದ್ದರೆ ಮಾತ್ರ 2.5. ನಿಮ್ಮಮ್ಮನಿಗೆ ತೂಕ ಒಂದೇ ಹೊಂದುತ್ತದೆ, ಹಾಗಾಗಿ 5ರ ಮಾತ್ರೆಯೇ. ಅದೇ ಕೆಲಸದ ಡಾಬಿಗಟ್ರಾನ್ ಬಹುಪಾಲು ಕಿಡ್ನಿಯಿಂದಲೇ ಹೊರಹೋಗುವಂಥದ್ದು, ಇಂಥವರಿಗೆ ಅಷ್ಟು ಹೊಂದುವುದಿಲ್ಲ.

ಮುಂದಿನ ಪರೀಕ್ಷೆಗೂ ಅದೇ ಲೆಕ್ಕ: 60ಕ್ಕಿಂತ ಕಡಿಮೆ ಇದ್ದವರು ಸಂಖ್ಯೆಯನ್ನು ಹತ್ತರಿಂದ ಭಾಗಿಸಿದಷ್ಟು ತಿಂಗಳಿಗೊಮ್ಮೆ. 35 ಅಂದರೆ ಮೂರೂವರೆ ತಿಂಗಳು.

ನರ್ಸ್, ಹೊಸನಗರ
ನಮ್ಮ ಕಡೆ ಜ್ವರ ಅಂದ ಕೂಡಲೇ ಇಲಿಜ್ವರ, ಡೆಂಗಿ, ಮಂಗನ ಕಾಯಿಲೆ ಅಂತಲೇ ಯೋಚನೆ ಹೋಗ್ತದೆ. ಅವೂ ಇರಬಹುದು, ಇಲಿಜ್ವರ ಕಿಡ್ನಿಗೇ ಕೂರ್ತದೆ. ಆದರೆ ಎರಡು ತಿಂಗಳೊಳಗೆ ಜ್ವರದ ಜೊತೆ ನುಂಗಲು ನೋವು, ಎದೆನೋವು, ಕೈಕಾಲು ಸೋಲುವುದು, ಇದರಲ್ಲಿ ಯಾವುದು ಬಂದರೂ ಅಬ್ಲೇಶನ್ ಆಗಿದೆ ಅಂತ ಮೊದಲು ಹೇಳಿ. ಅನ್ನನಾಳಕ್ಕೂ ಹೃದಯಕ್ಕೂ ನಡುವೆ ತೂತಾಗಿರಬಹುದು. ಬಲು ಅಪರೂಪ, ಆದರೆ ಜೀವಕ್ಕೇ ಅಪಾಯ. ಅದಕ್ಕೆ ಬೇಕಾದ್ದು ಸಿಟಿ, ಎಂಡೋಸ್ಕೋಪಿ ಮಾಡಿಸಲೇಬಾರದು.

ಮೂತ್ರ ತೀರ ಕಡಿಮೆಯಾದರೆ, ಪಕ್ಕೆ ಅಥವಾ ಬೆನ್ನಲ್ಲಿ ಜೋರು ನೋವು ಬಂದು ತಲೆ ತಿರುಗಿದರೆ ಬೆಳಗಾಗಲಿ ಅಂತ ಕಾಯದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲಕ್ಕೋ ಹೊರಡಿ.

ಪ್ರಶ್ನೆ ಕೇಳಿದವರು
ಅಸೆಕ್ಲೊಫೆನಾಕ್ ನಿಲ್ಲಿಸಿದೆವು. ಕಿಡ್ನಿಗೆ ಒಳ್ಳೇದು ಅಂತ ದಿನಾ ಎರಡು ಮೂರು ಎಳನೀರು ಕೊಡ್ತಿದ್ದೇವೆ, ಸರಿಯಾ?

ನರ್ಸ್, ಹೊಸನಗರ
ಪೊಟ್ಯಾಸಿಯಂ ರಿಪೋರ್ಟ್ ಬರುವವರೆಗೆ ಬೇಡ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಟೆಲ್ಮಿಸಾರ್ಟನ್ ಅದನ್ನು ದೇಹದಲ್ಲೇ ಉಳಿಸ್ತದೆ. ಬಿಂಬುಳಿ, ದಾರೆಹುಳಿ ರಸವಂತೂ ಬೇಡವೇ ಬೇಡ, ಅದರ ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ. ಬರಿ ನೀರು, ಗಂಜಿತಿಳಿ ಸಾಕು. ದಿನಕ್ಕೆ ಎಷ್ಟು ಅಂತ ಹೃದಯದ ಡಾಕ್ಟರನ್ನೇ ಕೇಳಿ. ದಿನಾ ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ, ಕಾಲು ಊದಿದರೆ, ನೀರು ನಿಲ್ತಿದೆ ಅಂತ ಫೋನ್ ಮಾಡಿ.